ಫೋಟೊಗೆ ಸೆರಗಿಲ್ಲ

ಹಚ್ಚೆ ಹಾಕಿಸಿಕೊಂಡವರ ಪೋರ್ಟ್ರೇಟ್ ಸರಣಿ ಮಾಡ್ತೀನಿ ಅಂತ ಹೊರಟಿದ್ದೀಯ. ಸಂತೋಷ ಕಣಮ್ಮ. ಹಳ್ಳಿ ಅಜ್ಜಿಯರ ಮುಂಗೈಯಿಂದ ಹಿಡಿದು ಬೆಂಗಳೂರಿನ ಐಟಿ ಹುಡುಗರ ಬೆನ್ನಿನವರೆಗೆ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ತರುವ ಆಸೆ ನಿನ್ನದು. ಕ್ಯಾಮೆರಾ, ಎಡಿಟಿಂಗ್ ವಿಷಯದಲ್ಲಿ ನಿನಗೆ ಪಾಠ ಹೇಳುವಷ್ಟು ಬುದ್ಧಿವಂತ ನಾನಲ್ಲ. ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತ ಆಯುಸ್ಸು ಕಳೆದವನು. ಆದರೆ ಜನ ಕ್ಯಾಮೆರಾ ಮುಂದೆ ಏನನ್ನು ತೋರಿಸುತ್ತಾರೆ, ಏನನ್ನು ಮುಚ್ಚಿಕೊಳ್ಳುತ್ತಾರೆ ಅನ್ನುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದರಿಂದ ನಾಲ್ಕು ಮಾತು ಹೇಳುತ್ತೇನೆ, ಹಿಡಿಸಿದ್ದನ್ನು ಇಟ್ಟುಕೋ.

ಮೊದಲನೆಯದು ಇದು. ಹಚ್ಚೆ ಮೈಮೇಲಿರುವ ತನಕ ಅದನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನುವುದು ಹಾಕಿಸಿಕೊಂಡವರ ಕೈಯಲ್ಲೇ ಇರುತ್ತದೆ. ಅಜ್ಜಿ ಸೆರಗು ಎಳೆದುಕೊಂಡರೆ ಆಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ ವಾರವಿಡೀ ತುಂಬು ತೋಳಿನ ಶರ್ಟು ತೊಟ್ಟು, ಭಾನುವಾರ ಬನಿಯನ್ನಿನಲ್ಲಿ ಓಡಾಡುತ್ತಾನೆ. ಹೊಟ್ಟೆಯ ಮೇಲೋ ತೊಡೆಯ ಮೇಲೋ ಹಾಕಿಸಿಕೊಂಡ ಹುಡುಗಿಯ ಹಚ್ಚೆ ಮನೆಯವರಿಗೂ ಗೊತ್ತಿರುವುದಿಲ್ಲ. ಫೋಟೊಗೆ ಮಾತ್ರ ಸೆರಗೂ ಇಲ್ಲ, ತೋಳೂ ಇಲ್ಲ. ನಿನ್ನ ಮೆಮೊರಿ ಕಾರ್ಡಿನಿಂದ ಫೋನಿಗೆ, ಫೋನಿನಿಂದ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು ಅಂದರೆ ಅತ್ತೆಗೂ ಮ್ಯಾನೇಜರಿಗೂ ಬಿಟ್ಟುಹೋದ ಗೆಳೆಯನಿಗೂ ಒಂದೇ ಸಮ ಕಾಣುತ್ತದೆ. ಹಾಗಾಗಿ ಕೇಳುವಾಗ, ಕೂರಿಸುವಾಗ, ಬೆಳಕು ಹೊಂದಿಸುವಾಗ, ಅಚ್ಚಿಗೆ ಕೊಡುವಾಗ, ಆ ಸೆರಗು ಅವರ ಕೈಯಲ್ಲೇ ಉಳಿಯುವ ಹಾಗೆ ನೋಡಿಕೋ. ಮುಂದೆ ಹೇಳುವುದೆಲ್ಲ ಇದರ ವಿಸ್ತಾರವೇ.

ಹಳ್ಳಿಗೆ ಹೋಗುವಾಗ ಮೊದಲ ಸಲ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಎಲೆ-ಅಡಿಕೆ ಇದ್ದರೆ ಒಳ್ಳೆಯದು. ಜಗಲಿ ಮೇಲೆ ಕೂತು ಮಾತಾಡು. ‘ಇದರ ಅರ್ಥ ಏನಜ್ಜಿ?’ ಅಂತ ಶುರು ಮಾಡಬೇಡ. ಪೇಟೆಯಿಂದ ಬಂದವರು ಅರ್ಥ ಕೇಳುತ್ತಾರೆ ಅಂತ ಗೊತ್ತಾದರೆ, ಪಾಪ, ಬರಿಗೈಲಿ ಕಳಿಸಬಾರದು ಅಂತ ಅವರೇ ಒಂದು ಅರ್ಥ ಹುಟ್ಟಿಸಿ ಕೊಡುತ್ತಾರೆ. ಅದೇ ನಿನ್ನ ಪುಸ್ತಕದಲ್ಲಿ ಅಚ್ಚಾಗಿ, ನಾಳೆ ಇನ್ನೊಬ್ಬರ ಪಿಎಚ್.ಡಿ.ಗೆ ಆಧಾರವಾಗುತ್ತದೆ. ಅದರ ಬದಲು ‘ಯಾರು ಹಾಕಿದ್ದು? ಆಗ ನಿಮಗೆಷ್ಟು ವಯಸ್ಸು? ಜೊತೆಯಲ್ಲಿ ಯಾರಿದ್ದರು? ಏನು ಕೊಟ್ಟಿರಿ?’ ಅಂತ ಕೇಳಿ ನೋಡು, ಕಥೆ ತಾನಾಗಿ ಬರುತ್ತದೆ. ‘ಹುಡ್ಗೀಲಿ ಹುಯ್ಸಿದ್ರು ಕಣವ್ವ, ನಾಕ್ ಜನ ಹಿಡ್ಕಂಡಿದ್ರು, ಊರೆಲ್ಲ ಕೇಳ್ಸೋ ಹಂಗೆ ಕಿರುಚ್ಕಂಡಿದ್ದೆ’ ಅಂತ ಒಬ್ಬಾಕೆ ನಗುತ್ತಾಳೆ. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ, ಕೆಲವು ಕಡೆ ಎದೆಹಾಲಿನಲ್ಲಿ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚುತ್ತಿದ್ದದ್ದು. ನೋವು ಮರೆಯಲಿ ಅಂತ ಕೊರವಂಜಿ ಹಾಡು ಹೇಳುತ್ತಿದ್ದದ್ದು. ಕೂಲಿಯಾಗಿ ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ಹಾಕಿ ಹಳೇ ಸೀರೆ ಕೊಡುತ್ತಿದ್ದದ್ದು, ಇವೆಲ್ಲ ಆ ಮಾತಿನಲ್ಲೇ ಸಿಗುತ್ತವೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುವ ಕಾಲದವರು ಅದೇ ಹೆಸರನ್ನು ಮುಂಗೈ ಮೇಲೆ ಬರೆಸಿಕೊಂಡಿರುತ್ತಾರೆ. ಹೆಸರು ಕೇಳಿದರೆ ನಾಚಿಕೊಂಡು ಕೈ ಮುಂದೆ ಮಾಡುತ್ತಾರೆ.

‘ಎಲ್ರೂ ಹುಯ್ಸ್ಕತಿದ್ರು, ನಂಗೂ ಹುಯ್ಸಿದ್ರು’ ಅಂದರೆ ಅದೂ ಪೂರ್ತಿ ಉತ್ತರವೇ. ಹಾಗೆಯೇ ಜಯನಗರದ ಹುಡುಗಿ ‘ಚೆನ್ನಾಗಿತ್ತು ಅಕ್ಕ, ಹಾಕಿಸ್ಕೊಂಡೆ’ ಅಂದರೂ ಅಷ್ಟೇ. ಪ್ರತಿ ಹಚ್ಚೆಯ ಹಿಂದೆಯೂ ಒಂದು ಕಣ್ಣೀರಿನ ಕಥೆ ಇರಲೇಬೇಕು ಅನ್ನುವ ಹಟ ನಿನಗೆ ಬೇಡ.

ಇನ್ನೊಂದು ಮಾತು. ಅಜ್ಜಿಗೆ ಬೇಕಾದ ಫೋಟೊ ಬೇರೆ, ನಿನಗೆ ಬೇಕಾದದ್ದು ಬೇರೆ. ಆಕೆಗೆ ಬೇಕಾದ್ದು ಗೋಡೆಗೆ ತೂಗುಹಾಕುವ ಫೋಟೊ. ರೇಷ್ಮೆ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಕುರ್ಚಿಯಲ್ಲಿ ನೆಟ್ಟಗೆ ಕೂತ ಫೋಟೊ. ‘ನಾಳೆ ಹೋದ್ರೆ ಹಾರ ಹಾಕೋಕೆ ಒಂದು ಬೇಕಲ್ಲ’ ಅಂತ ಅವರೇ ಹೇಳುತ್ತಾರೆ. ಅದರಲ್ಲಿ ಮುಂಗೈ ಸೆರಗಿನೊಳಗೆ ಮುಚ್ಚಿಹೋಗಿರುತ್ತದೆ, ನಿನ್ನ ಸರಣಿಗೆ ಬೇಕಾದ ಒಂದು ಚುಕ್ಕೆಯೂ ಕಾಣುವುದಿಲ್ಲ. ಆದರೂ ಮೊದಲು ಅದನ್ನೇ ತೆಗಿ. ಮನಸ್ಸಿಟ್ಟು ತೆಗಿ, ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿ ತಂದುಕೊಡು. ಆಮೇಲೆ ನಿನ್ನದು ಕೇಳು. ಇದು ಲಂಚ ಅಲ್ಲ, ಮರ್ಯಾದೆ. ಇಂಗ್ಲೆಂಡಿನ ಫೋಟೊಗ್ರಾಫರ್ ಅಲನ್ ಪೌಡ್ರಿಲ್ ‘ಕವರ್ಡ್’ ಅನ್ನುವ ಸರಣಿಯಲ್ಲಿ ಮೈತುಂಬ ಹಚ್ಚೆಯಿರುವವರನ್ನು ಅವರವರ ಮನೆ ಮುಂದೆ ನಿಲ್ಲಿಸಿ, ಬಟ್ಟೆ ತೊಟ್ಟು ಒಂದು, ಹಚ್ಚೆ ಕಾಣುವಂತೆ ಒಂದು, ಹೀಗೆ ಜೋಡಿ ಚಿತ್ರ ತೆಗೆದಿದ್ದಾರೆ. ಬಟ್ಟೆ ತೊಟ್ಟ ಚಿತ್ರದಲ್ಲಿ ಅವರು ನಿಮ್ಮ ನಮ್ಮ ಪಕ್ಕದ ಮನೆಯವರು. ಮುಚ್ಚಿಕೊಂಡ ಮೈ ಕೂಡ ನಿನ್ನ ವಿಷಯವೇ ಅನ್ನುವುದಕ್ಕೆ ಆ ಜೋಡಿ ಒಳ್ಳೆಯ ಪಾಠ. ನಿನ್ನ ಪುಸ್ತಕದಲ್ಲೂ ಅಜ್ಜಿಯ ಗೋಡೆ ಫೋಟೊ ಒಂದು ಪುಟದಲ್ಲಿ, ಮುಂಗೈ ಎದುರು ಪುಟದಲ್ಲಿ ಬಂದರೆ ಎಷ್ಟು ಚೆನ್ನ!

ಹಿನ್ನೆಲೆಗೆ ಬಿಳಿ ಪರದೆ ಕಟ್ಟುವ ಯೋಚನೆ ಇದೆ ಅಂದೆಯಲ್ಲ, ಅದರ ಬಗ್ಗೆ ಸ್ವಲ್ಪ ಯೋಚಿಸು. ಬಿಳಿ ಗೋಡೆಗೆ ನಿಲ್ಲಿಸಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಅಂತ ತೆಗೆಯುವುದಕ್ಕೆ ನಮ್ಮ ದೇಶದಲ್ಲಿ ಒಳ್ಳೆಯ ಹೆಸರಿಲ್ಲ. 1857ರ ದಂಗೆಯ ನಂತರ ಬ್ರಿಟಿಷ್ ಸರ್ಕಾರ ಈ ದೇಶದ ಜಾತಿ-ಬುಡಕಟ್ಟುಗಳನ್ನೆಲ್ಲ ಫೋಟೊದಲ್ಲಿ ಹಿಡಿದು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ 1868ರಿಂದ 1875ರ ನಡುವೆ ಎಂಟು ಸಂಪುಟ ಹೊರತಂದಿತು. ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗುಗಳನ್ನು ಅಳತೆ ಮಾಡುತ್ತಲೇ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಮೇಲೆ ಏಳು ಸಂಪುಟ ಪ್ರಕಟಿಸಿದ. ಹಚ್ಚೆಯ ವಿವರವೂ ಅದರಲ್ಲಿದೆ. ಊರೂರು ತಿರುಗಿ ನಮ್ಮ ಹೆಣ್ಣುಮಕ್ಕಳಿಗೆ ಹಚ್ಚೆ ಹಾಕುತ್ತಿದ್ದ ಕೊರವರನ್ನೇ ಆಮೇಲೆ ‘ಅಪರಾಧಿ ಬುಡಕಟ್ಟು’ ಪಟ್ಟಿಗೆ ಸೇರಿಸಿದರು. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು, ದೇಶದ ಮಟ್ಟದಲ್ಲಿ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಬೆರಳಚ್ಚು, ಹಾಜರಿ, ಮೈಮೇಲಿನ ಗುರುತು ಬರೆದುಕೊಳ್ಳುವ ಪೊಲೀಸ್ ಪುಸ್ತಕ, ಇವೆಲ್ಲ ಆ ಮನೆಗಳ ಹಿರಿಯರ ನೆನಪಿನಲ್ಲಿ ಇನ್ನೂ ಇವೆ. ಅಂಥ ಮನೆಯ ಅಂಗಳಕ್ಕೆ ನೀನು ಬಿಳಿ ಪರದೆ ಹೊತ್ತುಕೊಂಡು ಹೋದರೆ ಅವರಿಗೆ ಏನು ನೆನಪಾಗಬೇಕು ಹೇಳು? ಅವರ ಬಾಗಿಲು, ಅವರ ಒಲೆ, ಅವರ ಹಸು ಹಿನ್ನೆಲೆಯಲ್ಲಿರಲಿ. ಹಚ್ಚೆ ಹಾಕಿಸಿಕೊಂಡವರ ಜೊತೆಗೆ ಹಚ್ಚೆ ಹಾಕುವ ಕೈಗಳದ್ದೂ ಒಂದೆರಡು ಚಿತ್ರ ಸೇರಿಸು. ಅವರಿಲ್ಲದೆ ಈ ಪುಸ್ತಕವೇ ಇಲ್ಲ.

ಎಲ್ಲ ಹಚ್ಚೆಯೂ ಇಷ್ಟಪಟ್ಟು ಹಾಕಿಸಿಕೊಂಡದ್ದಲ್ಲ ಅನ್ನುವುದನ್ನೂ ಮರೆಯಬೇಡ. ಬಂಗಾಳ ಮತ್ತು ಮದ್ರಾಸ್ ಪ್ರಾಂತ್ಯಗಳಲ್ಲಿ ಜೀವಾವಧಿ ಕೈದಿಗಳ ಹಣೆಗೆ ಅಪರಾಧವನ್ನೇ ಚುಚ್ಚಿ ಬರೆಯುತ್ತಿದ್ದರು. 1849ರಲ್ಲಿ ಅದು ನಿಂತಿತು. ನಿಂತಿತು ಅಂದುಕೊಂಡರೆ, 1993ರಲ್ಲಿ ಅಮೃತಸರದ ಪೊಲೀಸರು ಹಿಡಿದು ತಂದ ಹೆಂಗಸರ ಹಣೆಯ ಮೇಲೆ ‘ಜೇಬ್‌ಕತ್ರಿ’, ಅಂದರೆ ಜೇಬುಗಳ್ಳಿ ಅಂತ ಹಚ್ಚೆ ಹಾಕಿಸಿದರು. ಆಶ್ವಿಟ್ಜ್ ಶಿಬಿರದಲ್ಲಿ ಯಹೂದಿಗಳ ಮುಂಗೈಗೆ ನಂಬರು ಹಾಕಿದ್ದು ಜಗತ್ತಿಗೇ ಗೊತ್ತು. ಬದುಕಿ ಉಳಿದವರ ಆ ನಂಬರುಗಳನ್ನು ಕುರಿತು ಡಾನಾ ಡೊರೊನ್ ಮತ್ತು ಫೋಟೊಗ್ರಾಫರ್ ಉರಿಯಲ್ ಸಿನಾಯ್ ಸೇರಿ 2012ರಲ್ಲಿ ‘ನಂಬರ್ಡ್’ ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಒಬ್ಬರಿಗೆ ಅದು ಮುಚ್ಚಿಡಬೇಕಾದ ಗಾಯ, ಇನ್ನೊಬ್ಬರಿಗೆ ಬದುಕಿ ಬಂದ ಸಾಕ್ಷಿ, ಮತ್ತೊಬ್ಬರ ಮೊಮ್ಮಗ ಅದೇ ನಂಬರನ್ನು ತನ್ನ ಕೈಗೂ ಹಾಕಿಸಿಕೊಂಡಿದ್ದಾನೆ. ನಮ್ಮ ಅಜ್ಜಿಯರದ್ದನ್ನು ಇವುಗಳ ಪಕ್ಕ ಇಡುತ್ತಿಲ್ಲ. ಆದರೆ ಎಂಟು-ಹತ್ತು ವಯಸ್ಸಿನ ಹುಡುಗಿಯನ್ನು ಹಿಡಿದು ಕೂರಿಸಿ ಚುಚ್ಚಿದ್ದನ್ನು ‘ಎಷ್ಟು ಸುಂದರ ಕಲೆ!’ ಅಂತ ನೀನು ಕೊಂಡಾಡಲು ಶುರು ಮಾಡುವ ಮೊದಲು, ಅವರು ಅದನ್ನು ಏನಂತ ನೆನೆಯುತ್ತಾರೆ ಅಂತ ಕೇಳಿಕೋ. ಕೆಲವರು ಹೆಮ್ಮೆ ಪಡುತ್ತಾರೆ. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಒಂದೇ ಜೊತೆಗೆ ಬರುವುದು ಅನ್ನುವ ನಂಬಿಕೆಯೂ ಇದೆ. ಕೆಲವರಿಗೆ ಗಲ್ಲದ ಮೇಲಿನ ಬೊಟ್ಟು ಪೇಟೆಯ ಸೊಸೆಯ ಮುಂದೆ ಮುಜುಗರ. ಎರಡೂ ನಿಜವೇ.

ಈಗ ಬೆಳಕಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೂ ಸ್ವಲ್ಪ ಹಕ್ಕಿದೆ. ಹಚ್ಚೆಯ ಮಸಿ ಚರ್ಮದ ಮೇಲಿಲ್ಲ, ಮೇಲ್ಪದರದ ಕೆಳಗೆ ಒಳಚರ್ಮದಲ್ಲಿ ಕೂತಿರುತ್ತದೆ. ಕಪ್ಪು ಮಸಿಯೇ ಆದರೂ ಚರ್ಮದ ಮೂಲಕ ನೋಡುವಾಗ ಬೆಳಕು ಚದುರಿ ನೀಲಿಯಾಗಿ, ಹಸಿರಾಗಿ ಕಾಣುತ್ತದೆ. ವರ್ಷ ಕಳೆದ ಹಾಗೆ ಗೆರೆ ಹರಡುತ್ತದೆ. ಹಾಗಾಗಿ ಅಜ್ಜಿಯ ಕೈಮೇಲಿನ ಚೇಳು ದೂರದಿಂದ ಹಸಿರು ಕಲೆಯಂತೆ ಕಂಡು, ಹತ್ತಿರ ಬಂದಾಗಲೇ ಚೇಳಾಗುತ್ತದೆ. ಪೂರಾ ಅಡ್ಡದಿಂದ ಬೆಳಕು ಬಿದ್ದರೆ ಸುಕ್ಕುಗಳ ನೆರಳು ಆ ಗೆರೆಗಳನ್ನು ನುಂಗುತ್ತದೆ. ಬೆಳಗಿನ ಹೊತ್ತು ಬಾಗಿಲಿಗೆ ಎದುರಾಗಿ, ಒಳಗೆ ಒಂದೆರಡು ಮಾರು ಹಿಂದೆ ಕೂರಿಸಿ, ನೀನು ಸ್ವಲ್ಪ ಪಕ್ಕಕ್ಕೆ ನಿಲ್ಲು. ಬೇಕಿದ್ದರೆ ನೆರಳಿನ ಕಡೆಗೆ ಒಂದು ಬಿಳಿ ಪಂಚೆ ಹಿಡಿಸು. ಎಣ್ಣೆ ಹಚ್ಚಿದ ಕೈ ಹೊಳೆಯುತ್ತದೆ. ಫೋಟೊ ಅಂದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವವರು ನಮ್ಮಲ್ಲಿ ಬಹಳ. ಒರೆಸಿಕೊಳ್ಳಿ ಅಂತ ಹತ್ತಿಬಟ್ಟೆ ಕೊಡು, ನೀನೇ ಒರೆಸಲು ಹೋಗಬೇಡ. ಹೊಳಪು ಪೂರ್ತಿ ಹೋಗಬೇಕು ಅಂದರೆ ಫ್ಲ್ಯಾಶ್ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸ್ ಮುಂದೆ ಪೋಲರೈಸರ್ ಹಾಕಿ, ಒಂದಕ್ಕೊಂದು ಅಡ್ಡ ಬರುವಂತೆ ತಿರುಗಿಸು. ಮೂರು-ನಾಲ್ಕು ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ, ಆದರೆ ಗೆರೆ ತೊಳೆದಿಟ್ಟಂತೆ ಕಾಣುತ್ತದೆ. ಇದು ಕೈಯ ಕ್ಲೋಸಪ್ಪಿಗೆ ಸರಿ, ಮುಖಕ್ಕೆ ಬೇಡ. ಹೊಳಪೇ ಇಲ್ಲದ ಮುಖದಲ್ಲಿ ಜೀವ ಇರುವುದಿಲ್ಲ.

ಕಪ್ಪುಬಿಳುಪಿನಲ್ಲಿ ಮಾಡುವ ಯೋಚನೆ ಇದ್ದರೆ ಇನ್ನೊಂದು ಎಚ್ಚರಿಕೆ. ನಾವು ರೀಲು ಹಾಕುತ್ತಿದ್ದ ಕಾಲದಲ್ಲಿ ಲೆನ್ಸ್ ಮುಂದೆ ಕಿತ್ತಳೆ ಅಥವಾ ಕೆಂಪು ಫಿಲ್ಟರ್ ಇಟ್ಟರೆ ಕಂದು ಚರ್ಮ ತಿಳಿಯಾಗಿ, ನೀಲಿ-ಹಸಿರು ಹಚ್ಚೆ ಗಾಢವಾಗಿ ಎದ್ದು ಬರುತ್ತಿತ್ತು. ನೀನೀಗ ಕಂಪ್ಯೂಟರಿನಲ್ಲಿ ಕೆಂಪು ಚಾನೆಲ್ ಏರಿಸಿ ಅದನ್ನೇ ಮಾಡುತ್ತೀಯ. ಹದ ಮೀರಿ ಏರಿಸಿದರೆ ಅಜ್ಜಿ ಬೆಳ್ಳಗಾಗುತ್ತಾಳೆ, ಹಚ್ಚೆ ಇವತ್ತು ಬೆಳಗ್ಗೆ ಹಾಕಿಸಿದಷ್ಟು ಕಪ್ಪಾಗುತ್ತದೆ. ಎರಡೂ ಸುಳ್ಳು. ‘ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ’ ಅನ್ನುವ ಮಾತು ಕೇಳಿ ಕೇಳಿ ನಮ್ಮ ಸ್ಟುಡಿಯೊಗಳಿಗೆ ಅಂಟಿದ ಚಟ ಅದು. ನಿನಗೆ ಅಂಟದಿರಲಿ. ಫೋನಿನಲ್ಲಿ ತೆಗೆದರೆ ಬ್ಯೂಟಿ ಮೋಡ್ ಆರಿಸಿಬಿಡು. ಮೊಡವೆ ಅಂದುಕೊಂಡು ಗಲ್ಲದ ಚುಕ್ಕೆಯನ್ನೇ ಅಳಿಸಿಬಿಡುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಅಕ್ಷರ ತಿರುಗಾ ಮುರುಗಾ ಬರುವುದುಂಟು, ಹೆಸರಿನ ಹಚ್ಚೆ ಇದ್ದಾಗ ಒಮ್ಮೆ ಓದಿ ನೋಡು. ಹೊಸದಾಗಿ ಹಾಕಿಸಿಕೊಂಡವರಿದ್ದರೆ ಒಂದು ತಿಂಗಳು ಕಾಯಿ. ಕೆಂಪು ಇಳಿದು, ಹಕ್ಕಳೆ ಉದುರಿ, ಚರ್ಮ ಸುಧಾರಿಸಲಿ.

ಚಿತ್ರ ತೆಗೆಯುವ ವಿಧಾನಕ್ಕೆ ಹಚ್ಚೆಯನ್ನೇ ಮಾಯ ಮಾಡುವ ಶಕ್ತಿಯಿದೆ ಅನ್ನುವುದಕ್ಕೆ ನ್ಯೂಜಿಲೆಂಡಿನ ಮೈಕೆಲ್ ಬ್ರಾಡ್ಲಿ ಮಾಡಿದ ‘ಪುಆಕಿ’ ಸರಣಿ ನೋಡು, 2018ರಲ್ಲಿ ಪ್ರದರ್ಶನವಾಯಿತು. 1851ರಲ್ಲಿ ಬಂದ ವೆಟ್ ಪ್ಲೇಟ್ ವಿಧಾನದಲ್ಲಿ ಗಾಜಿನ ತಟ್ಟೆಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ, ಕೆಂಪು ಗೊತ್ತಾಗುವುದೇ ಇಲ್ಲ. ಅದರಲ್ಲಿ ತೆಗೆದರೆ ಕಂದು ಚರ್ಮ ಕಪ್ಪಾಗಿ, ನೀಲಿ ಹಚ್ಚೆ ಅದರೊಳಗೆ ಕರಗಿಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಅಲ್ಲಿನ ಮೂಲನಿವಾಸಿಗಳಾದ ಅನೇಕ ಮಾವೊರಿ ಹಿರಿಯರ ಮುಖದ ಮೋಕೊ, ಅವರ ವಂಶದ ಗುರುತು, ಹೀಗೆ ಫೋಟೊದಲ್ಲಿ ಕಾಣದೇ ಹೋಯಿತು. ಕೆಲವು ಸ್ಟುಡಿಯೊಗಳು ಕುಂಚ ಹಿಡಿದು ಗೆರೆ ತಿದ್ದಿದ್ದೂ ಉಂಟು. ಬ್ರಾಡ್ಲಿ ಈ ಕಾಲದ ಮಾವೊರಿಗಳನ್ನು ಅದೇ ಹಳೇ ವಿಧಾನದಲ್ಲಿ ಒಮ್ಮೆ, ಡಿಜಿಟಲ್ ಬಣ್ಣದಲ್ಲಿ ಒಮ್ಮೆ ತೆಗೆದು ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಬರಿ ಮುಖ, ಇನ್ನೊಂದರಲ್ಲಿ ಮೋಕೊ. ಬೇರೆ ಮಾತೇ ಬೇಕಾಗಲಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ ಐದು ಸಾವಿರದ ಮುನ್ನೂರು ವರ್ಷ ಹಿಂದಿನ, ಓಟ್ಸಿ ಅಂತ ಹೆಸರಾದ ಮನುಷ್ಯನ ಶವವನ್ನು, ಕಣ್ಣಿಗೆ ಕಾಣದ ತರಂಗಗಳಲ್ಲೂ ಫೋಟೊ ತೆಗೆದು ನೋಡಿ, ಹಚ್ಚೆಗಳು ಒಟ್ಟು 61 ಅಂತ 2015ರಲ್ಲಿ ಲೆಕ್ಕ ಕೊಟ್ಟರು. ಅದು ಪುರಾತನ ಶವ, ಕೇಳುವವರಿರಲಿಲ್ಲ. ನಿನ್ನ ಮುಂದೆ ಕೂರುವವರು ಬದುಕಿರುವವರು. ಹಳೇ ಹುಡುಗಿಯ ಹೆಸರಿನ ಮೇಲೆ ಹದ್ದಿನ ರೆಕ್ಕೆ ಹಾಕಿಸಿ ಮುಚ್ಚಿಕೊಂಡವನು ಬರುತ್ತಾನೆ. ಅವನು ಹೆಂಡತಿಯನ್ನೂ ಕರೆದುಕೊಂಡು ಬಂದಿರುತ್ತಾನೆ. ನೀನು ಕಾಂಟ್ರಾಸ್ಟ್ ಏರಿಸುತ್ತ ಹೋದಾಗ ರೆಕ್ಕೆಯ ಕೆಳಗಿಂದ ಆ ಅಕ್ಷರ ಇಣುಕಬಹುದು. ತಾಂತ್ರಿಕವಾಗಿ ನೋಡಿದರೆ ಅದು ಒಳ್ಳೆಯ ಚಿತ್ರವೇ. ಆದರೆ ಅವನು ದುಡ್ಡು ಕೊಟ್ಟು, ನೋವು ತಿಂದು ಮುಚ್ಚಿಸಿದ್ದನ್ನು ತೆಗೆದು ತೋರಿಸಲು ನೀನ್ಯಾರು? ಇಳಿಸಿಬಿಡು.

ಕೂರಿಸುವಾಗ ಅವಸರ ಬೇಡ. ಜಗಲಿಯ ಅಜ್ಜಿಯನ್ನೇ ತಗೋ. ‘ಕೈ ತೋರಿಸಿ’ ಅಂದರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ಚಾಚಿದ ಹಾಗೆ ಚಾಚುತ್ತಾರೆ, ಮುಖದಲ್ಲೂ ಅದೇ ಭಯ. ಏನಾದರೂ ಕೆಲಸ ಕೊಡು, ಅವರೆಕಾಯಿ ಸುಲಿಯಲಿ, ಎಲೆಗೆ ಸುಣ್ಣ ಹಚ್ಚಲಿ. ಎಲೆಯ ನಾರು ತೆಗೆಯುವಾಗ ಮುಂಗೈ ತಾನಾಗಿ ಬೆಳಕಿಗೆ ತಿರುಗುತ್ತದೆ. ಮೇಲ್ಗಡೆ ತುಳಸಿಕಟ್ಟೆ, ಒಳಗಡೆ ಚೇಳು, ಮಣಿಕಟ್ಟಿನ ಹತ್ತಿರ ಚುಕ್ಕೆಗಳ ಸಾಲು. ಮಾತು ಕೂಡಿಬಂದಾಗ ಅವರೇ ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ನೂಕುತ್ತಾರೆ. ಬಳೆಯ ಅಡಿಯಲ್ಲಿ ಇನ್ನೊಂದು ಸಾಲು ಚುಕ್ಕೆ, ಬಿಸಿಲು ತಾಗದೆ ಉಳಿದದ್ದು. ಆ ಬಳೆಯನ್ನು ನೀನು ಸರಿಸಬಾರದು, ಸರಿಸಿ ಅಂತ ಹೇಳಲೂ ಬಾರದು. ಕಾಯಬೇಕು. ಮುಖ ಮತ್ತು ಕೈ ಎರಡೂ ಶಾರ್ಪ್ ಬರಬೇಕಾದರೆ ಕೈ ಎದೆಗೆ ಹತ್ತಿರ ಇರುವಾಗ ಕ್ಲಿಕ್ ಮಾಡು, ಅಪರ್ಚರ್ 5.6ರಿಂದ 8ರೊಳಗೆ ಇಟ್ಟುಕೋ. ಹಿನ್ನೆಲೆ ಬೆಣ್ಣೆ ಥರ ಕರಗಬೇಕು ಅಂತ 1.4ಕ್ಕೆ ತೆರೆದರೆ ಕಣ್ಣು ಸಿಕ್ಕಿ ಚೇಳು ತಪ್ಪುತ್ತದೆ. ಹೆಣ್ಣುಮಕ್ಕಳ ಚಿತ್ರ ತೆಗೆಯುವಾಗ ಅವರ ಕಡೆಯವರೊಬ್ಬರು ಜೊತೆಗಿರಲಿ, ನೀನೂ ಹೆಣ್ಣಾದರೂ ಸರಿ. ಬಟ್ಟೆ ಸರಿಸುವುದು, ಭುಜ ಹಿಡಿದು ತಿರುಗಿಸುವುದು, ಗಂಡಸಿನದಾದರೂ ಬೇಡ. ಬಾಯಲ್ಲಿ ಹೇಳು. ತೆಗೆದ ಮೇಲೆ ಸ್ಕ್ರೀನಿನಲ್ಲಿ ತೋರಿಸು. ‘ಇದು ಬ್ಯಾಡ’ ಅಂದದ್ದನ್ನು ಅವರ ಎದುರಿಗೇ ಅಳಿಸು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದು ಬೇಡ. ಕನ್ನಡದಲ್ಲಿ, ಒಂದು ಪುಟ ಸಾಕು. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳು. ‘ಫೋಟೊ ಬಳಸಬಹುದು’ ಅಂತ ಒಂದೇ ಸಾಲು ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡ. ಪ್ರದರ್ಶನಕ್ಕೆ ಆಗಬಹುದೇ, ಪುಸ್ತಕಕ್ಕೆ, ಪತ್ರಿಕೆಗೆ, ಇನ್‌ಸ್ಟಾಗ್ರಾಮಿಗೆ, ಜಾಹೀರಾತಿಗೆ ಅಂತ ಬೇರೆ ಬೇರೆ ಸಾಲಿರಲಿ, ಎದುರಿಗೆ ಹೌದು-ಇಲ್ಲ ಇರಲಿ. ಹೆಸರು ಹಾಕಬೇಕೇ, ಊರು ಹಾಕಬೇಕೇ ಅದನ್ನೂ ಕೇಳು. ಹದಿನೆಂಟು ತುಂಬದವರನ್ನು ಸರಣಿಗೆ ಸೇರಿಸಿಕೊಳ್ಳಲೇಬೇಡ. ಸೈನ್ಯಕ್ಕೆ ಸೇರಬೇಕು ಅಂತ ಓಡುತ್ತಿರುವ ಹುಡುಗನಿಗೆ, ಮೈಮೇಲೆ ಎಲ್ಲಿ ಹಚ್ಚೆ ಇರಬಹುದು ಅನ್ನುವುದಕ್ಕೆ ಅಲ್ಲಿ ನಿಯಮವಿದೆ ಅಂತ ನೀನೇ ನೆನಪಿಸು. ನಟ ಅಪ್ಪು ತೀರಿಕೊಂಡ ಮೇಲೆ, 2021ರ ಅಕ್ಟೋಬರಿನಿಂದ ಈಚೆಗೆ, ಎದೆಯ ಮೇಲೆ ಅವರ ಮುಖ ಹಾಕಿಸಿಕೊಂಡ ಅಭಿಮಾನಿಗಳು ಎಷ್ಟೋ ಜನ. ಅವರು ಎದೆ ತೆರೆದು ನಿಲ್ಲಲು ತುದಿಗಾಲಲ್ಲಿರುತ್ತಾರೆ. ಅಂಥವರಿಗೂ ಅದೇ ಪತ್ರ, ಅದೇ ಪ್ರಶ್ನೆ. ಉತ್ಸಾಹದಲ್ಲಿ ಇದ್ದಾರೆ ಅಂತ ಕೇಳುವುದು ಬಿಡಬಾರದು.

ಇಷ್ಟೆಲ್ಲ ಯಾಕೆ ಅಂದರೆ, ಕಾನೂನು ನಿನ್ನ ಕಡೆಗೇ ಹೆಚ್ಚು ವಾಲಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರು. ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ್ದಾದರೆ ಹಕ್ಕು ಸಾಮಾನ್ಯವಾಗಿ ತೆಗೆಸಿದವರದ್ದು. ನಿನ್ನ ಸರಣಿಗೆ ಯಾರೂ ದುಡ್ಡು ಕೊಟ್ಟು ಹೇಳಿಲ್ಲ. ಹಾಗಾಗಿ ಅಜ್ಜಿಯ ಕೈ ಅಜ್ಜಿಯದು, ಆ ಕೈಯ ಚಿತ್ರ ನಿನ್ನದು. ಇಷ್ಟು ದೊಡ್ಡ ಹಕ್ಕು ಪುಕ್ಕಟೆ ಸಿಕ್ಕಿದಾಗ ಅದರಲ್ಲಿ ಒಂದಷ್ಟನ್ನು ಬರವಣಿಗೆಯಲ್ಲಿ ವಾಪಸು ಕೊಡುವುದು ನ್ಯಾಯ. ಹಚ್ಚೆ ಬರೆದವರನ್ನೂ ಮರೆಯಬೇಡ. ಬಾಕ್ಸರ್ ಮೈಕ್ ಟೈಸನ್ ಮುಖದ ಹಚ್ಚೆಯನ್ನು ಹೋಲುವಂಥದ್ದನ್ನು ಒಂದು ಹಾಲಿವುಡ್ ಸಿನಿಮಾದಲ್ಲಿ ಇನ್ನೊಬ್ಬ ನಟನ ಮುಖಕ್ಕೆ ಹಾಕಿದ್ದಕ್ಕೆ, ಮೂಲ ಹಚ್ಚೆ ಬರೆದ ಕಲಾವಿದ 2011ರಲ್ಲಿ ಕೋರ್ಟಿಗೆ ಹೋದ, ಕೊನೆಗೆ ರಾಜಿಯಾಯಿತು. ನಿನಗೆ ಕೋರ್ಟಿನ ಭಯ ಬೇಕಿಲ್ಲ, ಹೆಸರು ಹಾಕುವ ಸೌಜನ್ಯ ಸಾಕು. ಸ್ಟುಡಿಯೊದವರಾದರೆ ಅವರ ಹೆಸರು, ಜಾತ್ರೆಯಲ್ಲಿ ಬ್ಯಾಟರಿ ಮೆಷಿನ್ ಇಟ್ಟುಕೊಂಡು ಕೂತವರಾದರೆ ಅವರದ್ದೂ. ಅರವತ್ತು ವರ್ಷದ ಹಿಂದೆ ಬಾಗಿಲಿಗೆ ಬಂದು ಹಾಕಿಹೋದವರ ಹೆಸರು ಸಿಗದಿದ್ದರೆ, ಅಜ್ಜಿ ಅವರನ್ನು ಏನೆಂದು ಕರೆಯುತ್ತಿದ್ದರೋ ಅದನ್ನೇ ಬರಿ.

ಚಿತ್ರದ ಕೆಳಗಿನ ಬರಹದಲ್ಲಿ ‘ಅಳಿವಿನಂಚಿನ’, ‘ಕೊನೆಯ ತಲೆಮಾರು’ ಅನ್ನುವ ಪದ ಕಂಡರೆ ಕೆಂಪು ಪೆನ್ನು ತಗೋ. ಅರುಣಾಚಲದ ಜೀರೊ ಕಣಿವೆಯಲ್ಲಿ ಅಪತಾನಿ ಹೆಂಗಸರು ಮುಖಕ್ಕೆ ಹಚ್ಚೆ ಹಾಕಿಸಿ, ಮೂಗಿನ ಎರಡೂ ಕಡೆ ಬಿರಟೆ ತೊಡುತ್ತಿದ್ದರು. 1970ರ ದಶಕದಲ್ಲಿ ಅದು ನಿಂತಿತು. ಈಗ ಅಲ್ಲಿಗೆ ಹೋಗುವ ಪ್ರವಾಸಿಗರೆಲ್ಲ ಆ ಅಜ್ಜಿಯರ ಮುಖಕ್ಕೆ ಲೆನ್ಸ್ ಹಿಡಿಯುವವರೇ. ‘ನೆರೆಯವರು ಹೊತ್ತೊಯ್ಯದಿರಲಿ ಅಂತ ಮುಖ ಕೆಡಿಸಿಕೊಂಡರು’ ಅನ್ನುವ ಒಂದೇ ಕಥೆ ಎಲ್ಲ ಚಿತ್ರದ ಕೆಳಗೂ. ಆ ಅಜ್ಜಿ ಎಂಥ ಭತ್ತ ಬೆಳೆಯುತ್ತಾಳೆ, ಮೊಮ್ಮಕ್ಕಳು ಎಲ್ಲಿದ್ದಾರೆ, ತನ್ನ ಮುಖದ ಬಗ್ಗೆ ಅವಳೇ ಏನನ್ನುತ್ತಾಳೆ ಅನ್ನುವುದಕ್ಕೆ ಜಾಗವೇ ಇಲ್ಲ. ನಮ್ಮ ಅಜ್ಜಿಯರಿಗೆ ನೀನು ಆ ಗತಿ ತರಬೇಡ. ಅವರ ಬಾಯಿಂದ ಬಂದ ಎರಡು ವಾಕ್ಯ, ಅವರ ಆಡುಮಾತಿನಲ್ಲೇ, ವ್ಯಾಕರಣ ತಿದ್ದದೆ ಹಾಕು. ಸಾಕು.

ಒಂದು ರೂಲ್ಡು ನೋಟ್‌ಬುಕ್ ಇಟ್ಟುಕೋ. ಯಾರು, ಯಾವತ್ತು, ಯಾವುದಕ್ಕೆ ಹೂಂ ಅಂದರು, ಯಾವುದಕ್ಕೆ ಬೇಡ ಅಂದರು, ಪ್ರಿಂಟ್ ತಲುಪಿತೇ, ಎಲ್ಲ ಬರಿ. ಹೊಸದೊಂದು ಕಡೆ ಚಿತ್ರ ಬಳಸಬೇಕಾದಾಗ ಮತ್ತೆ ಫೋನ್ ಮಾಡಿ ಕೇಳು. ಮದುವೆಯಾಗಿರುತ್ತದೆ, ಕೆಲಸ ಬದಲಾಗಿರುತ್ತದೆ, ಅಜ್ಜಿ ಹೋಗಿರುತ್ತಾರೆ. ಆಗ ಮಕ್ಕಳನ್ನು ಕೇಳು. ಮೊದಲ ಪ್ರದರ್ಶನ ಬೆಂಗಳೂರಿನ ಗ್ಯಾಲರಿಯಲ್ಲಿ ಬೇಡ, ಆ ಊರಿನ ಸಮುದಾಯ ಭವನದಲ್ಲೋ ಶಾಲೆಯಲ್ಲೋ ಆಗಲಿ. ಯಾರಾದರೂ ತಮ್ಮ ಚಿತ್ರ ಇಳಿಸು ಅಂದರೆ ಪುಸ್ತಕಕ್ಕೆ ಹೋಗುವ ಮೊದಲೇ ಗೊತ್ತಾಗುತ್ತದೆ. ಹೀಗೆ ಮಾಡಿದರೆ ನೀನು ಹಾಕಿಕೊಂಡ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ, ಕೆಲಸಕ್ಕೆ ಎರಡು ಪಟ್ಟು ದಿನ ಹಿಡಿಯುತ್ತದೆ. ಇಳಿಯಲಿ, ಹಿಡಿಯಲಿ. ಉಳಿದ ಅರ್ಧದಲ್ಲಿ ಒಂದೊಂದು ಚಿತ್ರವೂ ಅವರು ತಾವಾಗಿ ತೋರಿಸಿದ್ದಾಗಿರುತ್ತದೆ. ನೋಡುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದಮ್ಮ, ಹೇಳಲು ಬಾರದಿದ್ದರೂ ಗೊತ್ತಾಗುತ್ತದೆ.

ಮೊದಲ ಮನೆಗೆ ಹೋಗುವ ದಿನ ನನ್ನನ್ನೂ ಕರಿ. ಮಂಡಿ ನೋವಿದೆ, ಬಸ್ಸು ಹತ್ತಲು ನಿಧಾನ. ಆದರೆ ಬಿಳಿ ಪಂಚೆ ಹಿಡಿದು ನಿಲ್ಲಲು ಒಬ್ಬರು ಬೇಕಲ್ಲ.